ನಾಕೋ, ನಕೋನೋ

ಮೂವತ್ತೊಂದು ವರ್ಷ ಆವಕ-ಜಾವಕ ರಜಿಸ್ಟರು ಬರೆದ ಮನುಷ್ಯ ನಾನು. ಬಂದ ಕಾಗದ ಎಡಕ್ಕೆ, ಹೋದ ಕಾಗದ ಬಲಕ್ಕೆ, ನಡುವೆ ಕೆಂಪು ಗೆರೆ. ಪುಣೆಯ ಆ ಸಾಗಾಣಿಕೆ ಕಂಪನಿಯಲ್ಲಿ ಶಿವರುದ್ರಪ್ಪನ ಅಕ್ಷರ ಅಂದರೆ ಅಚ್ಚು ಹಾಕಿದ ಹಾಗೆ ಅಂತ ಮರಾಠಿ ಮ್ಯಾನೇಜರುಗಳೂ ಒಪ್ಪುತ್ತಿದ್ದರು. ಅಂಥವನ ಮುಂದೆ ಓಣಿಯ ಹೆಣ್ಣುಮಗಳೊಬ್ಬಳು ಬಂದು, ಮೂಲೆ ಒಡೆದ ಮೊಬೈಲು ತೋರಿಸಿ, "ಕಾಕಾ, ಇಡೀ ಓಣೀನ ಇದರಾಗ ಬರ್ಕೋತೀನಿ ನೋಡ್ರಿ" ಅಂದರೆ ಹೇಗಾಗಬೇಡ? ಮೊದಲು ನಗು ಬಂತು. ಆಮೇಲೆ, ಸುಳ್ಳೇಕೆ ಹೇಳಲಿ, ಸಿಟ್ಟು ಬಂತು.

ಅವಳು ರೇಣು. ಗೋಕಾಕದ ಕಡೆಯವಳು, ಪಿಯುಸಿ ಮುಗಿಸಿ ಮದುವೆಯಾಗಿ ಸ್ವಾರಗೇಟಿನ ಹಿಂದಿನ ನಮ್ಮ ಓಣಿಗೆ ಬಂದು ಹದಿನಾರು ವರ್ಷವಾಯಿತು. ಗಂಡ ಮಾಂತು ಮಗರಪಟ್ಟಾದ ಒಂದು ಕಟ್ಟಡದಲ್ಲಿ ಕಾವಲಿನವರ ಮೇಸ್ತ್ರಿ. ಇವಳು ಬಡವರ ಕಣ್ಣು ನೋಡುವ ಒಂದು ಟ್ರಸ್ಟಿನಲ್ಲಿ ಕೆಲಸಕ್ಕಿದ್ದಾಳೆ. ಬಂದವರನ್ನು ಸಾಲಾಗಿ ಕೂರಿಸಿ ಕಣ್ಣಿಗೆ ಔಷಧದ ಹನಿ ಬಿಡುವುದು, ಅತ್ತವರಿಗೆ ಹತ್ತಿ ಕೊಡುವುದು. ಮೊಬೈಲೂ ಅವಳದಲ್ಲ, ಮಾಂತು ಬಳಸಿ ಬಿಟ್ಟದ್ದು.

ಆದರೆ ಅವಳಿಗೊಂದು ಚಟ ಇದೆ. ಎಣಿಸುವ ಚಟ. ಹಿಂದೊಮ್ಮೆ ನಳದ ನೀರು ಎಷ್ಟು ಹೊತ್ತಿಗೆ ಬಂತು ಅಂತ ದಿನಾ ಮೊಬೈಲಿನಲ್ಲಿ ಒಂದು ಆನ್‌ಲೈನ್ ಶೀಟು ತೆರೆದು ಬರೆದಿಟ್ಟಳು. ಎರಡು ತಿಂಗಳಾದ ಮೇಲೆ, "ಮಂಗಳವಾರ ಮಾತ್ರ ನೀರು ಅರ್ಧ ತಾಸು ತಡ ಬರ್ತದ" ಅಂದಳು. ಇಪ್ಪತ್ತು ವರ್ಷದಿಂದ ಅದೇ ನಳದ ಮುಂದೆ ಕೊಡ ಇಟ್ಟು ಜಗಳಾಡುತ್ತಿದ್ದ ನಮಗೆ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಮುಂದಿನ ಮಂಗಳವಾರದಿಂದ ಓಣಿಯ ಹೆಂಗಸರು ಅರ್ಧ ತಾಸು ಹೆಚ್ಚು ಮಲಗಿದರು.

ಟ್ರಸ್ಟಿನವರ ಬಳಿ ಕಣ್ಣು ಪರೀಕ್ಷೆ ಮಾಡುವ ಒಂದು ಗಾಡಿ ಇದೆ. ಒಳಗೆಲ್ಲ ಯಂತ್ರ. ಅದು ಓಣಿಗೇ ಬಂದು ನಿಂತರೆ ಪರೀಕ್ಷೆ, ಚಾಳೀಸಿನ ಕನ್ನಡಕ, ಪೊರೆ ಬಂದಿದ್ದರೆ ಆಪರೇಶನ್ನಿನ ಚೀಟಿ, ಎಲ್ಲ ಪುಕ್ಕಟೆ. ಆದರೆ ಯಂತ್ರ ಹೂಡುವುದಕ್ಕೇ ಅರ್ಧ ದಿನ ಬೇಕಂತೆ, ಹಾಗಾಗಿ ನೂರೈವತ್ತು ಜನ ಹೆಸರು ಕೊಟ್ಟ ಕಡೆಗೆ ಮಾತ್ರ ಕಳಿಸುವುದು ಅಲ್ಲಿನ ಮುಖ್ಯಸ್ಥ ಮಾರ್ತಾಂಡ ಸರ್ ಅವರ ನೇಮ. ಜನರನ್ನು ಎಣಿಸಿ ಕೊಡಲು ಒಂದು ಸರ್ವೆ ಕಂಪನಿಯನ್ನು ಕೇಳಿದರೆ, ಅವರು ಹೇಳಿದ ಮೊತ್ತಕ್ಕೆ ಇನ್ನೊಂದು ಗಾಡಿಯೇ ಬರುತ್ತಿತ್ತಂತೆ. ಆಗ ಹನಿ ಬಿಡುತ್ತಿದ್ದ ನಮ್ಮ ರೇಣು ಬಾಟಲಿ ಕೆಳಗಿಟ್ಟು, "ಸರ್, ನಾನು ಮಾಡ್ತೇನಿ. ಪುಕ್ಕಟ ಆಗ್ತದ" ಅಂದಳಂತೆ.

ಮಾಡಿಯೂ ಬಿಟ್ಟಳು! ಮೊಬೈಲಿನಲ್ಲೇ ಒಂದು ಫಾರ್ಮು. ಮನೆಯವರ ಹೆಸರು, ಎಷ್ಟು ಮಂದಿ ಬರುತ್ತಾರೆ, ಅಷ್ಟೇ. ಯಾರು ಎಲ್ಲಿ ನಿಂತು ಫಾರ್ಮು ತುಂಬಿದರೂ ಅದು ತಾನಾಗಿ ಹೋಗಿ ಶೀಟಿನಲ್ಲಿ ಒಂದೊಂದು ಸಾಲಾಗಿ ಕೂರುತ್ತದೆ, ಮೇಲೆ ಮೊತ್ತ ತಾನಾಗಿ ಬದಲಾಗುತ್ತದೆ. ಮಾರ್ತಾಂಡ ಸರ್ ತಮ್ಮ ಕೋಣೆಯಲ್ಲೇ ಕೂತು ಅದನ್ನು ನೋಡಬಹುದು. "ಹಂಗಾದ್ರ ಕೂಡಿಸೋರು ಯಾರು?" ಅಂತ ನಾನು ಕೇಳಿದೆ. "ಅದ ಕೂಡಸ್ತದ ಕಾಕಾ" ಅಂದಳು. ಕಂಪನಿಯಲ್ಲಿ ನಾನು ಪ್ರತಿ ತಿಂಗಳ ಕೊನೆಗೆ ಮೂರು ದಿನ ಕೂಡಿಸುತ್ತಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ಮಾರ್ತಾಂಡ ಸರ್ ಒಂದು ಷರತ್ತು ಹಾಕಿದರು. ಪರಿಚಯದವರು ಪರಿಚಯದವರ ಮನೆಗೆ ಹೋಗಬಾರದು. ಹೋದರೆ ಚಹಾ ಕುಡಿದು, ಕೇಳದೆಯೇ ಬರೆದುಕೊಂಡು ಬರುತ್ತಾರೆ. ಮಾತು ನಿಜವೇ. ಹಾಗಾಗಿ ರೇಣು ಬೇರೆ ಓಣಿಗೆ ಹೋದಳು, ನಮ್ಮ ಕನ್ನಡದವರ ಓಣಿಗೆ ಕೇತಕಿ ಬಂದಳು. ಕೇತಕಿ ಕಾಲೇಜಿನ ಎರಡನೇ ವರ್ಷದ ಮರಾಠಿ ಹುಡುಗಿ, ಟ್ರಸ್ಟಿಗೆ ಸೇವೆಗೆಂದು ಬರುವವಳು. ಕನ್ನಡ ಒಂದಕ್ಷರ ಬರದು. ನಮಗೆಲ್ಲ ಮರಾಠಿ ಬರುತ್ತದೆ, ಅದು ಬೇರೆ ಮಾತು. ಆದರೆ ಮನೆಯ ಮುದುಕರು ತಮ್ಮ ಮಾತಿನಲ್ಲಿ ಕೇಳಿದರೆ ಹೆದರದೆ ಹೇಳುತ್ತಾರೆ ಅಂತ ರೇಣುವಿನ ಹಟ. ಅದಕ್ಕೆ ತನ್ನ ದನಿಯಲ್ಲೇ ಪ್ರಶ್ನೆಯನ್ನು ಮೊಬೈಲಿನಲ್ಲಿ ತುಂಬಿಸಿಕೊಟ್ಟಳು: "ನಮಸ್ಕಾರ್ರಿ, ಕಣ್ಣ ತೋರಸ್ಕೊಳ್ಳಾಕ ನಿಮ್ಮ ಮನ್ಯಾಗಿಂದ ಎಷ್ಟ ಮಂದಿ ಬರ್ತೀರಿ?" ಜೊತೆಗೆ ಒಂದು ಚೀಟಿ. ಒಂದು, ಎರಡು, ಮೂರು, ನಾಲ್ಕು, ಐದು. ಕನ್ನಡದ ಅಂಕಿಯ ಹೆಸರು ಮರಾಠಿ ಅಕ್ಷರದಲ್ಲಿ, ಎದುರಿಗೆ ಅದರ ಅರ್ಥ.

ಕೇತಕಿ ಬಾಗಿಲ ಮುಂದೆ ನಿಂತು ಗುಂಡಿ ಒತ್ತಿದರೆ ಮೊಬೈಲು ನಮ್ಮ ರೇಣುವಿನ ಹಾಗೆ ಮಾತಾಡುತ್ತಿತ್ತು! ಓಣಿಗೆ ಓಣಿಯೇ ಹಿಗ್ಗಿತು. ಮುದುಕಿಯರು ಮೊಬೈಲಿಗೇ ಉತ್ತರ ಹೇಳಿದರು, ಒಬ್ಬಿಬ್ಬರು ಅದರ ಕೂಡ ಊಟವಾಯಿತೇ ಅಂತಲೂ ವಿಚಾರಿಸಿದರು.

ನಮ್ಮ ಮನೆಗೂ ಬಂದಳು. ನಾನು ಪ್ರಶ್ನೆ ಪೂರ್ತಿ ಮುಗಿಯಲೂ ಬಿಡಲಿಲ್ಲ. ಮರಾಠಿಯಲ್ಲೇ "ನಕೋ" ಅಂದು ಬಾಗಿಲು ಮುಚ್ಚಿದೆ. ನಕೋ ಅಂದರೆ ಬೇಡ.

ಯಾಕೆ ಬೇಡ? ಇಲ್ಲೇ ಹೇಳಿಬಿಡುತ್ತೇನೆ. ಒಂದು ವರ್ಷದಿಂದ ನನಗೆ ಅಕ್ಷರ ಕಾಣುವುದಿಲ್ಲ. ದೊಡ್ಡ ತಲೆಬರಹ ಕಾಣುತ್ತದೆ, ಕೆಳಗಿನದೆಲ್ಲ ಮಂಜು. ದಿನಾ ಪೇಪರು ಬಿಡಿಸಿ, ಸರಿಯಾದ ಹೊತ್ತಿಗೆ ಹಾಳೆ ಮಗುಚಿ, ಓದಿದವನ ಹಾಗೆ ಮಡಚಿ ಇಡುತ್ತಿದ್ದೆ. ಅಚ್ಚಿನಂಥ ಅಕ್ಷರದ ಶಿವರುದ್ರಪ್ಪ ಕುರುಡನಾಗುತ್ತಿದ್ದಾನೆ ಅಂತ ಓಣಿ ಆಡಿಕೊಳ್ಳುವುದು ನನಗೆ ಬೇಕಿರಲಿಲ್ಲ. ಹೆದರಿದ್ದೆ, ಅಷ್ಟೇ. ನನ್ನ ಹೆಂಡತಿ ಗಂಗೂಬಾಯಿ ಕೌದಿ ಹೊಲಿಯುವವಳು. ಹಳೆಯ ಸೀರೆ ತುಂಡುಗಳಿಂದ ಅವಳು ಹೊಲಿದ ಕೌದಿ ನಮ್ಮ ಓಣಿಯ ಪ್ರತಿ ಬಾಣಂತಿಯ ಮನೆಯಲ್ಲಿದೆ. ಅವಳಿಗೂ ಸೂಜಿಯ ಕಣ್ಣು ಕಾಣದೆ, ದಿನಾ ಮುಂಜಾನೆ ರೇಣುವಿನ ಕೈಯಲ್ಲಿ ಐದು ಸೂಜಿಗೆ ದಾರ ಪೋಣಿಸಿಕೊಂಡು ಇಟ್ಟುಕೊಳ್ಳುತ್ತಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವಳು ಹೋದರೆ ನನ್ನನ್ನೂ ಎಳೆದುಕೊಂಡು ಹೋಗುತ್ತಾಳೆ ಅಂತ, ಅವಳ ಪರವಾಗಿಯೂ ನಾನೇ ಬೇಡ ಅಂದೆ.

ಶನಿವಾರ ಸಂಜೆ ಆರಕ್ಕೆ ಮಾರ್ತಾಂಡ ಸರ್ ಗಾಡಿಯ ದಾರಿ ಗೊತ್ತುಮಾಡುವವರಿದ್ದರು. ನಮ್ಮ ಓಣಿ ನೂರೈವತ್ತು ಮುಟ್ಟದಿದ್ದರೆ ಗಾಡಿ ಲೋಣಾವಳದ ಕಡೆಗೆ, ತಿರುಗಿ ಬರುವುದು ಮುಂದಿನ ವರ್ಷ. ಆ ದಿನ ನಾಲ್ಕೂವರೆಗೆ ರೇಣು ಬಂದು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತಳು. ಹಿಂದೆ ಕೇತಕಿ.

"ಎಪ್ಪತ್ತಮೂರ ಆಗೇದ ಕಾಕಾ" ಅಂದಳು ರೇಣು. "ಅರವತ್ತೊಂದ ಮನಿ ತಿರಗಿ ಎಪ್ಪತ್ತಮೂರ ಮಂದಿ. ಬ್ಯಾರೆ ಓಣ್ಯಾಗ ಇಷ್ಟ ಮನೀಗೆ ನೂರರವತ್ತ ಬಂದಾವ. ನಮ್ಮವ್ರಿಗೆ ಕಣ್ಣ ಬ್ಯಾಡೇನ್ರಿ? ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ಕಣ್ಣಲ್ಲಿ ನೀರಿತ್ತು. ಹದಿನಾರು ವರ್ಷದಲ್ಲಿ ಅವಳನ್ನು ನಂಬಿ ಯಾರಾದರೂ ಒಂದು ಕೆಲಸ ಪೂರ್ತಿ ಕೊಟ್ಟದ್ದು ಇದೇ ಮೊದಲು. ಅದೂ ಸ್ವಂತ ಓಣಿಯಲ್ಲೇ ಸೋತಿತ್ತು.

ಆ ಸೋಲಿನಲ್ಲಿ ನನ್ನದೂ ಪಾಲಿತ್ತಲ್ಲ. ಏನಾದರೂ ಹೇಳಬೇಕೆಂದು, "ರಜಿಸ್ಟರಾಗ ತಪ್ಪ ಹುಡುಕೂದ ಹೆಂಗ ಗೊತ್ತೇನು? ಇದ್ದದ್ದನ್ನ ನೋಡಬಾರದು, ಇಲ್ಲದ್ದನ್ನ ನೋಡಬೇಕು" ಅಂದೆ. ಹಳೆಯ ಗುಮಾಸ್ತನ ಜಂಬ, ಇನ್ನೇನು.

ಅವಳು ಅದನ್ನೇ ಹಿಡಿದುಕೊಂಡಳು. ಬೆರಳಿನಿಂದ ಶೀಟು ಸರಿಸಿ, ಒಂದೇ ಥರದ ಉತ್ತರಗಳನ್ನು ಒಟ್ಟಿಗೆ ತಂದು ಎಣಿಸತೊಡಗಿದಳು. "ಒಂದು ಅಂದವ್ರು ಹದಿನೈದ ಮನಿ. ಎರಡು, ಹದಿನೆಂಟ ಮನಿ. ಮೂರು ಅಂದವ್ರೂ ಅದಾರ. ಐದು, ಎರಡ ಮನಿ." ನಿಲ್ಲಿಸಿದಳು. ಮತ್ತೊಮ್ಮೆ ಮೇಲಿನಿಂದ ಕೆಳಗೆ ಸರಿಸಿದಳು. "ಇದೇನ್ರಿ ಕಾಕಾ! ನಾಕ ಅಂದವ್ರು ಒಬ್ಬರೂ ಇಲ್ಲ!"

ಅವಳು ಹೇಳಿದ ಕನ್ನಡದಲ್ಲಿ ಕೇತಕಿಗೆ ಒಂದೇ ಶಬ್ದ ಸಿಕ್ಕಿತು. ಪಾಪ, ಸಹಾಯ ಮಾಡಲು ಹೋದಳು. "ನಕೋ? ಆಹೇತ ನಾ ತಾಈ! ಬಾವೀಸ ಘರಂ!" ಇದ್ದಾರಲ್ಲ ಅಕ್ಕಾ, ಇಪ್ಪತ್ತೆರಡು ಮನೆ!

ರೇಣು ಅವಳ ಮುಖ ನೋಡಿದಳು. ನನ್ನ ಮುಖ ನೋಡಿದಳು. "ನಾಕ" ಅಂದಳು ಮೆಲ್ಲಗೆ. "ನಕೋ" ಅಂದಳು ಕೇತಕಿ ತಲೆಯಾಡಿಸಿ. "ಅಯ್ಯ ನನ್ನವ್ವಾ!" ಅಂತ ರೇಣು ಕೂಗಿದ ಕೂಗಿಗೆ ಒಳಗಿದ್ದ ಗಂಗೂಬಾಯಿ ಕೌದಿ ಬಿಟ್ಟು ಬಾಗಿಲಿಗೆ ಬಂದಳು.

ತಪ್ಪು ರೇಣುವಿನದೇ. ಚೀಟಿಯಲ್ಲಿ ಶಾಲೆಯ ಮಗ್ಗಿಯಲ್ಲಿದ್ದ ಹಾಗೆ 'ನಾಲ್ಕು' ಅಂತ ಬರೆದುಕೊಟ್ಟಿದ್ದಳು. ನಮ್ಮ ಓಣಿಯಲ್ಲಿ ನಾಲ್ಕು ಅನ್ನುವ ಪುಣ್ಯಾತ್ಮ ಯಾರಿದ್ದಾನೆ? ಎಲ್ಲರೂ 'ನಾಕ'. ಅವಳೂ 'ನಾಕ'. ಬರೆಯಲು ಕೂತಾಗ ಮಾತ್ರ ಮಾಸ್ತರರ ಹೆದರಿಕೆ ಬಂದುಬಿಡುತ್ತದೆ ನಮಗೆ. ಕೇತಕಿ ನಾಲ್ಕು ಅನ್ನುವವರಿಗಾಗಿ ಕಾದಳು, ಒಬ್ಬರೂ ಅನ್ನಲಿಲ್ಲ. ಬದಲಿಗೆ ಮನೆಮನೆಯಲ್ಲೂ 'ನಕೋ' ಕೇಳಿಸಿತು. ಅಷ್ಟೇ ಅಲ್ಲ, ಜನ ಹೆಬ್ಬೆರಳು ಮಡಚಿ ನಾಲ್ಕು ಬೆರಳು ನೆಟ್ಟಗೆ ಅವಳ ಮುಖದ ಮುಂದೆ ಹಿಡಿದಿದ್ದರು. ಸಾಕು, ನಡಿ ಅನ್ನುವ ಹಾಗೆಯೇ ಕಾಣುತ್ತದೆ ಅದು! ಅವಳು ಮರ್ಯಾದೆಯಿಂದ ಫಾರ್ಮಿನಲ್ಲಿ 'ನಕೋ' ಅಂತ ಟೈಪು ಮಾಡಿ ಮುಂದಿನ ಮನೆಗೆ ಹೋಗಿದ್ದಳು. ಶೀಟು ಅಂಕಿಯನ್ನು ಕೂಡಿಸುತ್ತದೆ, ಮಾತನ್ನು ಕೂಡಿಸುವುದಿಲ್ಲ. ಆ ಇಪ್ಪತ್ತೆರಡು ಮನೆಗಳು ಸೊನ್ನೆಯಾಗಿ ಕೂತಿದ್ದವು.

ರೇಣು ಮರಾಠಿಯಲ್ಲಿ ಬಿಡಿಸಿ ಹೇಳಿದ ಮೇಲೆ ಕೇತಕಿ ಬಾಯಿಗೆ ಕೈ ಹಿಡಿದಳು. ನಗುವುದೋ ಅಳುವುದೋ ಗೊತ್ತಾಗದೆ ಎರಡನ್ನೂ ಮಾಡಿದಳು.

"ಎಲ್ಲಾ ನಕೋನೂ ನಾಕ ಮಾಡಿಬಿಡು, ಆತು" ಅಂದೆ ನಾನು.

"ಹಂಗ ಹೆಂಗ ಆಗ್ತದ್ರಿ? ಖರೇನ ಬ್ಯಾಡ ಅಂದವ್ರೂ ಇರಬಹುದು. ಬಾಯಿಂದ ಹೇಳಿದ್ದನ್ನಷ್ಟ ಬರೀಬೇಕು. ಮತ್ತೊಮ್ಮೆ ಕೇಳೂದ!" ಎದ್ದೇ ಬಿಟ್ಟಳು. ಮರಾಠಿಯಲ್ಲಿ ಕೇತಕಿಗೆ ಕೆಳಗಿನ ಮನೆಗಳು, ತನಗೆ ಮೇಲಿನವು ಅಂತ ಹಂಚಿದಳು. "ಓಣಿಗೆಲ್ಲ ಕೇಳೂ ಹಂಗ ಒದರಿ ಕೇಳಿದ್ರ ಸರ್ ಷರತ್ತೂ ಮುರಿಯೂದಿಲ್ಲ. ಕಾಕಾ, ನಿಮ್ಮ ಫೋನ್ ಕೊಡ್ರಿ."

ನನ್ನ ಫೋನಿನಲ್ಲಿ ಅದೇ ಶೀಟು ತೆರೆದು, ಮೊತ್ತದ ಅಂಕಿಯನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ ಕೈಗೆ ಕೊಟ್ಟಳು. ನನಗೂ ಕಾಣುವಷ್ಟು ದೊಡ್ಡದು. "ನೀವು ಇಲ್ಲೇ ನಿಂತು ಒದರ್ರಿ, ಎಷ್ಟಾತು ಅಂತ" ಅಂದವಳೇ ಓಡಿದಳು.

ಮೊದಲನೆಯದು ಗಿರಣಿಯ ಸಂಕಪ್ಪನ ಮನೆ. ರೇಣುವಿನ ದನಿ ಓಣಿಯ ಆ ತುದಿಯಿಂದ ಕೇಳಿತು: "ಸಂಕಪ್ಪಣ್ಣಾ, ನಿಮ್ಮದು ನಾಕೋ, ನಕೋನೋ?"

"ನಾಕ! ನಾಕ ಅಂದೇನಿ, ನಾಕ ಬೆರಳ ತೋರ್ಸೇನಿ, ಇನ್ನೇನ ಡೋಲ ಬಡೀಲೇನು?"

ನನ್ನ ಕೈಯಲ್ಲಿದ್ದ ಎಪ್ಪತ್ತಮೂರು ಎಪ್ಪತ್ತೇಳಾಯಿತು.

ನಾನು ಮುಟ್ಟಿರಲಿಲ್ಲ. ಯಾರೂ ಮುಟ್ಟಿರಲಿಲ್ಲ. ಅವಳು ಅಲ್ಲಿ ಒತ್ತಿದ್ದು ಇಲ್ಲಿ ನನ್ನ ಅಂಗೈಯಲ್ಲಿ ಬದಲಾಯಿತು! "ಎಪ್ಪತ್ತೇಳು!" ಅಂತ ಕೂಗಿದೆ. ಕೂಗಿ ಮುಗಿಸುವಷ್ಟರಲ್ಲಿ ಕೆಳಗಿನಿಂದ ಕೇತಕಿ ಇನ್ನೊಂದು ಒತ್ತಿದಳು, ಎಂಬತ್ತೊಂದು! ಮೂವತ್ತೊಂದು ವರ್ಷ ಕಾಗದದ ಜೊತೆ ಬಾಳಿದವನು ನಾನು, ಅಂಕಿ ಹೀಗೆ ಜೀವ ಬಂದು ಜಿಗಿಯುವುದನ್ನು ನೋಡಿರಲಿಲ್ಲ. ಎಂಬತ್ತೈದು! ಎಂಬತ್ತೊಂಬತ್ತು! ಜನ ಬಾಗಿಲಿಗೆ ಬಂದರು. ಕೇತಕಿ ಹೋದಲ್ಲೆಲ್ಲ "ನಾಕೋ? ನಕೋನೋ?" ಅಂತ ತನ್ನ ಮರಾಠಿ ನಾಲಿಗೆಯಲ್ಲಿ ಕೇಳಿದರೆ ಹೆಂಗಸರು ಬಿದ್ದುಬಿದ್ದು ನಕ್ಕು, ನಾಲ್ಕು ಬೆರಳು ತೋರಿಸಿ, ಸಾಲದ್ದಕ್ಕೆ ಬೆರಳುಗಳನ್ನು ಒಂದೊಂದಾಗಿ ಎಣಿಸಿಯೂ ತೋರಿಸಿದರು. ನೂರು ದಾಟಿದಾಗ ಯಾರೋ ತಾಟು ಬಡಿದರು. ನಾನು ಎಪ್ಪತ್ತರ ಮುದುಕ, ಓಣಿಯ ನಡುವೆ ನಿಂತು ಗಂಟಲು ಹರಿಯುವ ಹಾಗೆ ಅಂಕಿ ಕೂಗುತ್ತಿದ್ದೆ. ನಾಚಿಕೆ ಅನ್ನುವುದು ಎಲ್ಲಿ ಹೋಗಿತ್ತೋ!

ಜಟ್ಟೆಪ್ಪನ ಮನೆಯವರು ಮಾತ್ರ ನಿಜವಾಗಿಯೂ ಬೇಡ ಅಂದಿದ್ದರು. ಮೀರಜದಲ್ಲಿ ಮೊದಲೇ ತೋರಿಸಿಕೊಂಡು ಬಂದಿದ್ದರಂತೆ. ಗುರಣ್ಣನ ಮನೆಯವರೂ ಬೇಡವೆಂದರು, ಊರಿಗೆ ಹೊರಟಿದ್ದರು. ಉಳಿದ ಹತ್ತೊಂಬತ್ತು ಮನೆಯೂ ನಾಕ, ನಾಕ, ನಾಕ.

ಐದೂ ಮುಕ್ಕಾಲಿಗೆ ಅಂಕಿ ನಿಂತಿತು. ನೂರಾ ನಲವತ್ತೊಂಬತ್ತು.

ರೇಣು, ಕೇತಕಿ ಇಬ್ಬರೂ ಏದುಸಿರು ಬಿಡುತ್ತ ಕಟ್ಟೆಗೆ ಬಂದರು. ಓಣಿಯೇ ಹಿಂದೆ ಬಂತು. ಒಂದು ಕಡಿಮೆ. ಒಂದೇ ಒಂದು!

"ಜಟ್ಟೆಪ್ಪಂದ ಒಂದ ಬರದಬಿಡವಾ" ಅಂದೆ. "ಯಾರ ಬಂದ ಎಣಸ್ತಾರ?"

"ಸುಳ್ಳ ಬರಿಯೂದಿದ್ರ ಇಷ್ಟ ಯಾಕ ತಿರಗತಿದ್ದೆ, ಕಾಕಾ?" ಅಂದಳು. ಸಿಟ್ಟಿನಿಂದಲ್ಲ, ದಣಿದ ದನಿಯಲ್ಲಿ. ಆಮೇಲೆ ಶೀಟು ನೋಡುತ್ತ ಸ್ವಲ್ಪ ತಡೆದು, "ಇನ್ನೊಂದ ನಕೋ ಉಳದದ" ಅಂದಳು.

ಯಾರದೆಂದು ಅವಳು ಹೇಳಬೇಕಾಗಿರಲಿಲ್ಲ. ಕೇತಕಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖಕ್ಕೆ ಬಾಗಿಲು ಹಾಕಿದವನನ್ನು ಮರೆಯುತ್ತಾಳೆಯೇ? ನಾನು ಕಣ್ಣು ತಪ್ಪಿಸಿ ಕೈಯಲ್ಲಿದ್ದ ಅಂಕಿ ನೋಡಿದೆ.

ರೇಣು ನನ್ನನ್ನು ಕೇಳಲಿಲ್ಲ. ನನ್ನನ್ನು ದಾಟಿ ಬಾಗಿಲ ಕಡೆ ನೋಡಿ, "ಕಾಕೂ, ನೀವು ಬರ್ತೀರೇನ್ರಿ?" ಅಂದಳು.

ಗಂಗೂಬಾಯಿ ಹೊಸ್ತಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಕೌದಿಯ ತುಂಡು. "ನಾ ಯಾವಾಗ ಬ್ಯಾಡ ಅಂದಿದ್ದೆ?" ಅಂದಳು. "ನನ್ನ ಕೇಳಿದವ್ರರೆ ಯಾರು?"

ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಬೈದದ್ದಿದೆ, ಅತ್ತದ್ದಿದೆ. ಆದರೆ ಈ ಮಾತು ಚುಚ್ಚಿದ ಹಾಗೆ ಬೇರಾವುದೂ ನನ್ನನ್ನು ಚುಚ್ಚಿಲ್ಲ.

ರೇಣು ಒಂದು ಅಂತ ಒತ್ತಿದಳು. ನನ್ನ ಕೈಯಲ್ಲಿ ಅಂಕಿ ಹೊರಳಿತು. ನೂರೈವತ್ತು.

ಏನು ಕೂಗು, ಏನು ಸಿಳ್ಳು! ಕೇತಕಿ ರೇಣುವನ್ನು ಅಪ್ಪಿಕೊಂಡು ಕುಣಿದಳು. ಅಷ್ಟರಲ್ಲೇ ಮಾರ್ತಾಂಡ ಸರ್ ಅವರ ಫೋನು ಬಂತು. ಅವರೂ ತಮ್ಮ ಕೋಣೆಯಲ್ಲಿ ಕೂತು ಅಂಕಿ ಜಿಗಿಯುವುದನ್ನೇ ನೋಡುತ್ತಿದ್ದರಂತೆ. ಗಾಡಿ ಬುಧವಾರ ಮುಂಜಾನೆ ಎಂಟಕ್ಕೆ ನಮ್ಮ ಓಣಿಗೆ. ರೇಣು ಮರಾಠಿಯಲ್ಲಿ "ಹೋ ಸರ್, ಹೋ ಸರ್", ಹೌದು ಹೌದು, ಅನ್ನುತ್ತ ಒಂದೇ ಕೈಯಲ್ಲಿ ಕಣ್ಣು ಒರೆಸಿಕೊಂಡಳು.

ಗದ್ದಲ ತುಸು ತಗ್ಗಿದ ಮೇಲೆ ಗಂಗೂಬಾಯಿ, "ರೇಣು, ಇನ್ನೊಂದ ಬರಿ. ಇವರದು" ಅಂದಳು.

"ನಂದ್ಯಾಕ?" ಅಂದೆ.

"ವರ್ಷಾತು, ಪೇಪರಿನ ಹಾಳಿ ಮಗುಚೂದ ನೋಡಾಕತ್ತೇನಿ. ಓದಿದವ್ರು ಯಾವತ್ತರೆ ಒಂದ ಸುದ್ದಿ ಹೇಳ್ತಾರ. ನೀವು ಹೇಳೂದ ಬಿಟ್ಟೀರಿ" ಅಂದಳು. ಎಲ್ಲರ ಮುಂದೆಯೇ ಅಂದಳು, ಆದರೆ ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

ಪಕ್ಕದಲ್ಲಿದ್ದ ರೇಣುವಿಗೂ ಕೇಳಿಸಿತ್ತು. ಬೆರಳು ಮೊಬೈಲಿನ ಮೇಲೇ ಇತ್ತು, ಆದರೆ ಒತ್ತಲಿಲ್ಲ. ನೂರೈವತ್ತು ತುಂಬಿತ್ತು, ಗಾಡಿ ಬರುವುದು ನಿಶ್ಚಯವಾಗಿತ್ತು, ನನ್ನ ಒಂದು ಯಾರಿಗೂ ಬೇಕಿರಲಿಲ್ಲ. ಆದರೂ ಅವಳು ಕಾದಳು. "ಕಾಕು ಹೇಳಿದ್ರ ಬರಿಯಾಕ ಬರೂದಿಲ್ರಿ ಕಾಕಾ" ಅಂದಳು. "ನಿಮ್ಮದ ನೀವ ಹೇಳಬೇಕು."

ಓಣಿ ನೋಡುತ್ತಿತ್ತು. ನೋಡಲಿ.

"ಬರ್ಕೋ" ಅಂದೆ.

ಅವಳು ಒತ್ತಿದಳು. ನನ್ನ ಅಂಗೈಯಲ್ಲಿ ಅಂಕಿ ಮತ್ತೊಮ್ಮೆ ಬದಲಾಯಿತು, ನೂರಾ ಐವತ್ತೊಂದು. ಅದನ್ನು ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗಂಗೂಬಾಯಿಯೇ ಕೂಗಿ ಹೇಳಿದಳು.